ಕ್ರೀಡಾಕೀರ್ತಿಮಂದಿರವೂ ಶಾಸನಗಳ ಬಿರುದಾವಳಿಯೂ

ಬೆಂಗಳೂರಿನ ವಾಯವ್ಯದಲ್ಲಿ ಅಬ್ಬಿಗೆರೆ ಎಂಬ ಊರಿದೆ. ಕೆರೆಯನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿರುವ ಈ ಊರು ಈಗ ಮಹಾನಗರದೊಳಗೆ ಸೇರಿಹೋಗಿದೆ. ಇಲ್ಲಿಂದ ಮೂಡಲಿಗೆ ಕೆಲವು ಮೈಲಿ ಹೋದರೆ ಹೆಬ್ಬಾಳ. ಆಗ್ನೇಯಕ್ಕೆ ತಿರುಗಿದರೆ ಯಶವಂತಪುರ, ಅದರಾಚೆ ಮಲ್ಲೇಶ್ವರ. ಹೆಬ್ಬಾಳದಲ್ಲಿ ಕ್ರಿ. ಶ. ಸುಮಾರು 750ರ ವೀರಗಲ್ಲೊಂದು ದೊರೆತಿದೆ. ಮಲ್ಲೇಶ್ವರದಲ್ಲಿ, 1980ರಲ್ಲಿ ಲೋಕವನ್ನೇ ಬೆರಗುಗೊಳಿಸಿದ ಆಟಗಾರನೊಬ್ಬನು ಎಳೆಯ ವಯಸ್ಸಿನಲ್ಲಿ ಅಭ್ಯಾಸ ಮಾಡಿದ ಸಭಾಗೃಹವಿದೆ. ಇವೆರಡರ ನಡುವೆ ದೂರವು ಕೆಲವೇ ಮೈಲಿ. ಕಾಲವಾದರೋ ಹನ್ನೆರಡು ಶತಮಾನಗಳಿಗೂ ಹೆಚ್ಚು. ಮೈಯ ಬಲದಿಂದಲೂ ಕೈಯ ಚಳಕದಿಂದಲೂ ಹೆಸರು ಪಡೆದವರನ್ನು ಸಮಾಜವು ಹೇಗೆ ನೆನಪಿನಲ್ಲಿರಿಸಿಕೊಳ್ಳಬೇಕು ಎಂಬ ಪ್ರಶ್ನೆ ಎರಡು ಕಡೆಗಳಲ್ಲಿಯೂ ಒಂದೇ. ಈ ಪ್ರಶ್ನೆಯನ್ನು ವಿದ್ಯಾಸಂಸ್ಥೆಗಳಿಗೆ ಅನ್ವಯಿಸಿ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಅನೇಕ ಕಾಲೇಜುಗಳ ಮೊಗಸಾಲೆಗಳಲ್ಲಿ ಉದ್ದವಾದ ಮರದ ಹಲಗೆಗಳನ್ನು ತೂಗುಹಾಕಿರುವುದನ್ನು ವಾಚಕರು ಕಂಡೇ ಇರುತ್ತಾರೆ. ಅವುಗಳ ಮೇಲೆ ವರ್ಷ, ಆಟ, ಆಟಗಾರನ ಹೆಸರು ಇವು ಕ್ರಮವಾಗಿ ಬರೆಯಲ್ಪಟ್ಟಿರುತ್ತವೆ. ಇದು ಚಿಕ್ಕ ಪ್ರಮಾಣದ ಕೀರ್ತಿಮಂದಿರವೇ ಸರಿ. ಪಾಶ್ಚಾತ್ಯ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಇದೇ ಏರ್ಪಾಡು ಬೆಳೆದು, ಪ್ರತ್ಯೇಕವಾದ ಶಾಲೆಯೋ ಗೋಡೆಯೋ ಆಗಿ, ಚಿತ್ರಪಟಗಳಿಂದಲೂ ಲೋಹದ ಫಲಕಗಳಿಂದಲೂ ಕೂಡಿ, ಕ್ರೀಡಾಕೀರ್ತಿಮಂದಿರವೆಂಬ ಹೆಸರನ್ನು ಪಡೆದಿದೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಇಂತಹುದು ಇರಬೇಕೆಂದು ಹೇಳುವವರುಂಟು. ಇರಬೇಕಾದುದು ನಿಜ. ಆದರೆ ಅದು ಹೇಗಿರಬೇಕು, ಅದರಲ್ಲಿ ಏನನ್ನು ಬರೆಯಬೇಕು ಎಂಬುದನ್ನು ನಿಶ್ಚಯಿಸುವ ಮೊದಲು, ಈ ವಿಷಯದಲ್ಲಿ ನಮ್ಮ ಶಿಲಾಶಾಸನಗಳು ಹೇಳುವ ಮಾತನ್ನು ಕೇಳುವುದು ಉಚಿತ.

1. ಹೆಸರು ಮತ್ತು ಹುಟ್ಟು

ಮೊದಲು ಶಬ್ದವಿಚಾರ. ಕೀರ್ತಿಯೆಂದರೆ ಯಶಸ್ಸು ಎಂಬ ಅರ್ಥವು ಎಲ್ಲರಿಗೂ ತಿಳಿದುದೇ ಆಗಿದೆ. ಆದರೆ ಪ್ರಾಚೀನ ಶಾಸನಗಳಲ್ಲಿ ಕೀರ್ತಿ, ಕೀರ್ತನ ಎಂಬ ಶಬ್ದಗಳಿಗೆ ಯಶಸ್ಸನ್ನು ನಿಲ್ಲಿಸುವ ಕಟ್ಟಡ, ದೇವಾಲಯ ಎಂಬ ಅರ್ಥವೂ ಉಂಟು. ಎಲ್ಲೋರದ ಕೈಲಾಸ ದೇವಾಲಯವನ್ನು ಕುರಿತ ಮಾತಿರುವ ರಾಷ್ಟ್ರಕೂಟರ ತಾಮ್ರಶಾಸನದಲ್ಲಿ ಕೀರ್ತನವೆಂಬ ಮಾತು ಈ ಅರ್ಥದಲ್ಲಿ ಬಂದಿರುವುದನ್ನು ವಿದ್ವಾಂಸರು ಬಲ್ಲರು. ಬಾಯಿಂದ ಬಾಯಿಗೆ ಹರಿಯುವುದೂ ಕೀರ್ತಿಯೇ, ಕಲ್ಲಿನಲ್ಲಿ ನಿಲ್ಲುವುದೂ ಕೀರ್ತಿಯೇ. ಆದುದರಿಂದ ಕೀರ್ತಿಮಂದಿರವೆಂಬ ಸಮಾಸವು ಹೊಸದಾಗಿ ತೋರಿದರೂ ಅದರ ಭಾವವು ನಮಗೆ ಹೊಸದಲ್ಲ.

ಈಗಿನ ರೂಪದ ಕೀರ್ತಿಮಂದಿರಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಜರ್ಮನಿಯ ಬವೇರಿಯ ಪ್ರಾಂತದಲ್ಲಿ 1842ರಲ್ಲಿ ವಾಲ್ಹಾಲಾ ಎಂಬ ಮಂದಿರವೂ, 1853ರಲ್ಲಿ ಮ್ಯೂನಿಕ್ ನಗರದಲ್ಲಿ ಕೀರ್ತಿಶಾಲೆಯೆಂಬ ಅರ್ಥದ ಹೆಸರುಳ್ಳ ಮತ್ತೊಂದು ಮಂದಿರವೂ ಸಿದ್ಧವಾದವು. ಇವುಗಳಲ್ಲಿ ದೊರೆಗಳ, ಕವಿಗಳ, ವಿಜ್ಞಾನಿಗಳ ಪ್ರತಿಮೆಗಳಿದ್ದವು. ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯವು ತನ್ನ ಆವರಣದಲ್ಲಿ ಕಂಬಗಳ ಸಾಲಿನ ಮಂಟಪವೊಂದನ್ನು ಕಟ್ಟಿ, 1900ರಲ್ಲಿ ಮೊದಲ ಆಯ್ಕೆಯನ್ನು ನಡೆಯಿಸಿ, 1901ರಲ್ಲಿ ಅದನ್ನು ಲೋಕಾರ್ಪಣ ಮಾಡಿತು. ಆಟಗಾರರಿಗಾಗಿಯೇ ಮೀಸಲಾದ ಮಂದಿರಗಳಲ್ಲಿ ಪ್ರಸಿದ್ಧವಾದುದು ಕೂಪರ್ಸ್‌ಟೌನಿನ ಬೇಸ್‌ಬಾಲ್ ಮಂದಿರ. 1936ರಲ್ಲಿ ಮೊದಲು ಐವರನ್ನು ಆರಿಸಿದರು; 1939ರಲ್ಲಿ ಕಟ್ಟಡದ ಬಾಗಿಲು ತೆರೆಯಿತು. ಪತ್ರಿಕಾಲೇಖಕರ ಮತಗಳಲ್ಲಿ ನೂರಕ್ಕೆ 75ರಷ್ಟು ದೊರೆತವನಿಗೆ ಅಲ್ಲಿ ಪ್ರವೇಶ. ಅಮೆರಿಕದ ವಿಶ್ವವಿದ್ಯಾನಿಲಯಗಳು ತಮ್ಮ ಹಳೆಯ ಆಟಗಾರರಿಗಾಗಿ ಸ್ಥಾಪಿಸಿಕೊಂಡಿರುವ ಮಂದಿರಗಳು ಇದೇ ಪದ್ಧತಿಯವು.

ಇನ್ನೂ ಹಿಂದಕ್ಕೆ ಹೋದರೆ ಗ್ರೀಕರು ಕಾಣಬರುತ್ತಾರೆ. ಒಲಿಂಪಿಯದಲ್ಲಿ ಗೆದ್ದವರ ಪ್ರತಿಮೆಗಳನ್ನು ನಿಲ್ಲಿಸುವ ರೂಢಿಯಿತ್ತೆಂದೂ, ಮೂರು ಸಲ ಗೆದ್ದವನಿಗೆ ಮಾತ್ರ ಅವನ ಮುಖಲಕ್ಷಣವನ್ನೇ ಹೋಲುವ ಪ್ರತಿಮೆ ಸಲ್ಲುತ್ತಿದ್ದಿತೆಂದೂ ರೋಮಿನ ಪ್ಲಿನಿ ಬರೆದಿದ್ದಾನೆ. ಪಿಂಡಾರನೆಂಬ ಕವಿ ಆ ವಿಜಯಿಗಳನ್ನು ಹಾಡಿದನು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಗ್ರೀಕರಲ್ಲಿ ಓಟದ ಕಾಲವನ್ನು ಅಳೆಯುವ ಸಾಧನವಿರಲಿಲ್ಲ. ಯಾರು ಎಷ್ಟು ಕ್ಷಣಗಳಲ್ಲಿ ಓಡಿದರೆಂಬುದು ಅವರಿಗೆ ತಿಳಿಯದು. ಸಂಖ್ಯೆಯ ನೆರವಿಲ್ಲದೆ, ಪ್ರತಿಮೆಯಿಂದಲೂ ಕವಿತೆಯಿಂದಲೂ ಮಾತ್ರವೇ ಆ ಕೀರ್ತಿ ಎರಡೂವರೆ ಸಾವಿರ ವರ್ಷ ಬಾಳಿತು.

2. ವೀರಗಲ್ಲಿನ ಅಂಗಗಳು

ಈಗ ಹೆಬ್ಬಾಳದ ಕಲ್ಲಿಗೆ ಬರೋಣ. 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಇದು ಬೆಳಕಿಗೆ ಬಂದಿತು. ಗಂಗ ದೊರೆ ಶ್ರೀಪುರುಷನ ಆಳಿಕೆಯಲ್ಲಿ, ರಟ್ಟರ ದಂಡು ಪೆರ್ಬೊಳಲ್ ನಾಡು ಮೂವತ್ತರೊಳಕ್ಕೆ ನುಗ್ಗಿದಾಗ, ಕಿತ್ತಯ್ಯನೆಂಬವನು ಕಾದಿ ಮಡಿದನೆಂಬುದು ಅದರ ಸಾರಾಂಶ. ಪೆರ್ಬೊಳಲೆಂಬುದೇ ಇಂದಿನ ಹೆಬ್ಬಾಳ. ಕಿತ್ತಯ್ಯನು ಕ್ರೀಡಾಪಟುವಲ್ಲ, ಕಾಳಗದಲ್ಲಿ ಪ್ರಾಣ ಕೊಟ್ಟವನು. ಇವೆರಡನ್ನೂ ಒಂದೇ ಎಂದು ಎಣಿಸಲಾಗದು. ಆದರೂ ನೆನಪನ್ನು ನಿಲ್ಲಿಸುವ ವಿಧಾನವನ್ನು ಅರಿಯಲು ವೀರಗಲ್ಲೇ ನಮಗೆ ಮೊದಲ ಗುರು.

ವೀರಗಲ್ಲಿನ ಬರೆಹವನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ನಾಲ್ಕು ಅಂಗಗಳು ತೋರುತ್ತವೆ: ಯಾರ ಕಾಲದಲ್ಲಿ, ಎಲ್ಲಿ, ಯಾರು, ಏನು ಮಾಡಿ. ಇವುಗಳ ಜೊತೆಗೆ ಕೆತ್ತನೆಯ ಚಿತ್ರವು ಹೇಗೆ ಮಾಡಿದನೆಂಬುದನ್ನು ತೋರಿಸುತ್ತದೆ. ಕೆಳಗಿನ ಹಂತದಲ್ಲಿ ಕಾಳಗ, ಮೇಲೆ ವೀರನನ್ನು ಕೊಂಡೊಯ್ಯುವ ದೇವಕನ್ಯೆಯರು, ಎಲ್ಲಕ್ಕಿಂತ ಮೇಲೆ ದೇವರ ಸನ್ನಿಧಿ ಇದು ಬಹುಮಟ್ಟಿಗೆ ರೂಢಿಯಲ್ಲಿದ್ದ ಕ್ರಮ. ಬರೆಹವನ್ನು ಓದಲಾರದವನಿಗೂ ಕಲ್ಲು ಕಥೆ ಹೇಳುತ್ತದೆ. ಇದಕ್ಕಿಂತ ಮುಖ್ಯವಾದುದು, ಕಲ್ಲು ಘಟನೆಯು ನಡೆದ ನೆಲದಲ್ಲಿಯೇ, ಆ ಊರವರ ಕಣ್ಣೆದುರಿಗೇ ನಿಲ್ಲುತ್ತದೆ ಎಂಬುದು. ಕಿತ್ತಯ್ಯನು ದೊರೆಯಲ್ಲ, ದಂಡನಾಯಕನೆಂದು ಪ್ರಸಿದ್ಧನಾದವನೂ ಅಲ್ಲ. ಆದರೂ ಸುಮಾರು 1,270 ವರ್ಷಗಳ ಬಳಿಕ ಹೆಬ್ಬಾಳದ ಜನ ಅವನ ಹೆಸರನ್ನು ಹೇಳುತ್ತಿದ್ದಾರೆ.

3. ಆತಕೂರಿನ ಪಾಠ

ಕಲ್ಲು ನಿಲ್ಲಿಸಿದ ಮಾತ್ರಕ್ಕೆ ನೆನಪು ನಿಲ್ಲುವುದೆ? ಈ ಸಂಶಯಕ್ಕೆ ಉತ್ತರವನ್ನು ಮದ್ದೂರು ಸೀಮೆಯ ಆತಕೂರಿನ ಶಾಸನವು ಕೊಡುತ್ತದೆ. ಇದು ಕ್ರಿ. ಶ. 949–50ಕ್ಕೆ ಸೇರಿದ್ದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನೊಡನೆ ಹೋರಾಡಿದ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ವರವನ್ನು ಬೇಡೆಂದಾಗ, ಅವನು ನೆಲವನ್ನೋ ಹೊನ್ನನ್ನೋ ಬೇಡದೆ ಕಾಳಿಯೆಂಬ ನಾಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ಅದಕ್ಕಾಗಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿದನು.

ನಾಯಿಗೂ ಕಲ್ಲನ್ನು ನಿಲ್ಲಿಸಿದರೆಂಬುದು ಈ ಶಾಸನದ ಪ್ರಸಿದ್ಧಿಗೆ ಕಾರಣ. ಆದರೆ ನಮ್ಮ ವಿಷಯಕ್ಕೆ ಅದಕ್ಕಿಂತಲೂ ಬೆಲೆಯುಳ್ಳದ್ದು ಅದರ ಕೊನೆಯ ಕಟ್ಟಳೆ. ಕಲ್ಲಿನ ಹೆಸರಿನಲ್ಲಿ ಭೂಮಿಯನ್ನು ಬಿಟ್ಟು, ಅಲ್ಲಿನ ಗೊರವನು ಕಲ್ಲನ್ನು ಪೂಜಿಸಿಯೇ ಉಣ್ಣಬೇಕು, ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನು ಎಂದು ವಿಧಿಸಿದ್ದಾರೆ. ಗೌರವವನ್ನು ಸಲ್ಲಿಸಿದವರು ಅದನ್ನು ದಿನದಿನವೂ ನಡೆಯಿಸುವವನನ್ನೂ, ಅವನ ಊಟಕ್ಕೆ ಬೇಕಾದ ನೆಲವನ್ನೂ ಏರ್ಪಡಿಸಿದರು. ನ್ಯೂಯಾರ್ಕಿನ ಮಂಟಪದ ಕಥೆಯನ್ನು ಇದರೊಡನೆ ಹೋಲಿಸಬಹುದು. 1973ರಲ್ಲಿ ವಿಶ್ವವಿದ್ಯಾನಿಲಯವು ಆ ಆವರಣವನ್ನೇ ಪರಭಾರೆ ಮಾಡಿತು. 1976ರ ಬಳಿಕ ಅಲ್ಲಿ ಆಯ್ಕೆ ನಡೆಯಲಿಲ್ಲ. ಆರಿಸಲ್ಪಟ್ಟಿದ್ದ ಕೆಲವರ ಪ್ರತಿಮೆಗಳು ಹಣವಿಲ್ಲದೆ ಸಿದ್ಧವಾಗಲೇ ಇಲ್ಲ. ಶಿಲ್ಪಿಗಳೂ ವಾಸ್ತುಜ್ಞರೂ ಇದ್ದರು, ಗೊರವನಿರಲಿಲ್ಲ.

4. ಇಂದ್ರರಾಜನ ಚೆಂಡಾಟ

ಇದುವರೆಗೆ ಹೇಳಿದುದು ವೀರರ ವಿಷಯ. ಆಟದಲ್ಲಿಯೇ ಹೆಸರಾದವನೊಬ್ಬನನ್ನು, ಅವನ ಆಟದ ಕೌಶಲವನ್ನೇ ಮುಂದಿಟ್ಟುಕೊಂಡು ಹೊಗಳಿದ ಶಾಸನವು ಕನ್ನಡದಲ್ಲಿದೆಯೆ? ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಗಂಧವಾರಣ ಬಸದಿಯ ಬಳಿಯ ಕಂಬದ ಮೇಲಿನ ಬರೆಹವೇ ಅದು. ರೈಸ್ ಸಾಹೇಬರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಸಂಪುಟದಲ್ಲಿಯೂ, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ಹೊರತಂದ ಸಂಪುಟದಲ್ಲಿಯೂ ಇದನ್ನು ನೋಡಬಹುದು.

ಇದರ ನಾಯಕನು ರಾಷ್ಟ್ರಕೂಟ ವಂಶದ ಇಂದ್ರರಾಜ. ಚರಿತ್ರೆಕಾರರು ನಾಲ್ಕನೆಯ ಇಂದ್ರನೆಂದು ಕರೆಯುವವನು. ಮುಮ್ಮಡಿ ಕೃಷ್ಣನ ಮೊಮ್ಮಗ. ತಾಯಿಯ ಕಡೆಯಿಂದ ಗಂಗಗಾಂಗೇಯನ, ಎಂದರೆ ಆತಕೂರಿನ ಪ್ರಸಂಗದ ಬೂತುಗನ ಮೊಮ್ಮಗ. 973ರಲ್ಲಿ ರಾಷ್ಟ್ರಕೂಟರ ಸಿಂಹಾಸನವು ಚಾಳುಕ್ಯ ತೈಲಪನ ಪಾಲಾಯಿತು. ಇಂದ್ರನನ್ನು ಪಟ್ಟಕ್ಕೇರಿಸಲು ಅವನ ಸೋದರಮಾವನಾದ ಗಂಗ ಮಾರಸಿಂಹನು ಯತ್ನಿಸಿದನು, ಅದು ಫಲಿಸಲಿಲ್ಲ. ರಾಜ್ಯವನ್ನು ಕಳೆದುಕೊಂಡ ಈ ರಾಜಕುಮಾರನು ಶಕ ವರ್ಷ 904ರ ಚಿತ್ರಭಾನು ಸಂವತ್ಸರದ ಚೈತ್ರಮಾಸದಲ್ಲಿ, ಎಂದರೆ ಕ್ರಿ. ಶ. 982ರಲ್ಲಿ, ಬೆಳಗೊಳದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು.

ಇಂತಹವನ ನಿಸಿದಿಯಲ್ಲಿ ನಾವು ಏನನ್ನು ನಿರೀಕ್ಷಿಸುತ್ತೇವೆ? ವಂಶದ ಹಿರಿಮೆ, ಕಳೆದುಹೋದ ಸಿಂಹಾಸನ, ವೈರಾಗ್ಯ. ವಂಶವೂ ಬಿರುದುಗಳೂ ವ್ರತವೂ ಅಲ್ಲಿ ಉಂಟು. ಆದರೆ ಶಾಸನಕವಿಯು ಹಲವು ಪದ್ಯಗಳನ್ನು ಮೀಸಲಿಟ್ಟಿರುವುದು ಕುದುರೆಯನ್ನೇರಿ ಕೋಲಿನಿಂದ ಚೆಂಡನ್ನು ಹೊಡೆಯುವ ಆಟಕ್ಕೆ, ಇಂದಿನವರು ಪೋಲೋ ಎನ್ನುವಂತಹ ಆಟಕ್ಕೆ. ಅವನ ಬಿರುದುಗಳಲ್ಲಿ ಎಳೆವ ಬೆಡಂಗ ಎಂಬುದೊಂದು. ಬೆಡಂಗೆಂದರೆ ಸೊಬಗು. ಹೊಗಳಿಕೆಯು ಬಲಕ್ಕಲ್ಲ, ಸೊಬಗಿಗೆ ಎಂಬುದನ್ನು ಸಾಹಿತ್ಯಾಧ್ಯಾಪಕರು ಗಮನಿಸಬೇಕು.

ಆ ವರ್ಣನೆಯಲ್ಲಿ ಎರಡು ಬಗೆಯ ಮಾತುಗಳಿವೆ. ಒಂದು ಬಗೆ ಅತಿಶಯೋಕ್ತಿ. ಚೆಂಡು ಮೆಣಸಿನ ಕಾಳಿಗಿಂತ ಕಿರಿದಾಗಿ, ಕೋಲು ನಾಲ್ಕು ಬೆರಳಿನಷ್ಟೂ ಇಲ್ಲದೆ, ಕುದುರೆ ಬೆಟ್ಟವನ್ನು ಮೀರಿ, ಸುತ್ತಬೇಕಾದ ಬಳಸು ಭೂವಲಯವನ್ನೇ ಮೀರಿದ್ದರೂ ಇಂದ್ರನು ಎಂಟು ಹತ್ತು ಸುತ್ತನ್ನು ಮುಗಿಸದೆ ತೃಪ್ತನಾಗನು ಎಂಬುದು ಅದರ ಭಾವ. ಇನ್ನೊಂದು ಬಗೆ ಇದಕ್ಕೆ ತೀರ ವಿರುದ್ಧವಾದುದು. ಅದು ಶಾಸ್ತ್ರದ ಮಾತು. ಚೆಂಡನ್ನು ಒಯ್ಯುವ ಗತಿಗಳನ್ನು ಸುಕರ, ದುಷ್ಕರ, ವಿಷಮ, ವಿಷಮದುಷ್ಕರ ಎಂದು ಕಷ್ಟದ ತಾರತಮ್ಯಕ್ಕೆ ಅನುಗುಣವಾಗಿ ನಾಲ್ಕಾಗಿ ವಿಂಗಡಿಸಿ, ಒಳಗು, ಹೊರಗು, ಎಡ, ಬಲ ಎಂಬ ಚಲನೆಗಳನ್ನು ಹೆಸರಿಸಿ, ಇವೆಲ್ಲದರಲ್ಲಿಯೂ ಅವನು ನಿಪುಣನೆಂದು ಕವಿ ಹೇಳುತ್ತಾನೆ. ಆಟವನ್ನು ಬಲ್ಲವನು, ಮೈದಾನದ ಅಂಚಿನಲ್ಲಿ ನಿಂತು ಕಣ್ಣಾರೆ ಕಂಡವನು ಮಾತ್ರ ಬರೆಯಬಹುದಾದ ಮಾತುಗಳಿವು. ಇಂದ್ರನು ಎಷ್ಟು ಪಂದ್ಯಗಳನ್ನು ಗೆದ್ದನೆಂದು ಶಾಸನವು ಹೇಳುವುದಿಲ್ಲ. ಹೇಗೆ ಆಡುತ್ತಿದ್ದನೆಂದು ಹೇಳುತ್ತದೆ. ಸಾವಿರ ವರ್ಷಗಳ ಮೇಲೆ ಓದುವ ನಮಗೆ ಕುದುರೆಯ ತಿರುವು, ಕೋಲಿನ ಬೀಸು ಇವು ಕಣ್ಣಿಗೆ ಕಟ್ಟುವುದು ಆ ಕಾರಣದಿಂದಲೇ.

5. ನಡುವಣ ಕಾಲ

ಈ ದೃಷ್ಟಿಯು ಇಂದ್ರನೊಡನೆಯೇ ಮುಗಿಯಲಿಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮುಮ್ಮಡಿ ಸೋಮೇಶ್ವರನು ಸುಮಾರು 1131ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಮಲ್ಲವಿನೋದ, ವಾಜಿವಾಹ್ಯಾಲಿವಿನೋದ ಮುಂತಾದ ಪ್ರಕರಣಗಳಿವೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗಳಾಗಿ ವಿಭಾಗಿಸಿ, ಅವರ ಆಹಾರ, ಸಾಧಕ, ಪಟ್ಟುಗಳು, ಕಾಳಗದ ರಂಗ ಇವನ್ನೆಲ್ಲ ದೊರೆಯೇ ವಿವರಿಸುತ್ತಾನೆ. ಮೈಸೂರಿನ ಜಟ್ಟಿಗಳ ಹೆಸರಿಗೆ ಈ ಜ್ಯೇಷ್ಠಿ ಶಬ್ದವೇ ಮೂಲವೆಂದು ಹೇಳುವುದುಂಟು.

ಮುಂದೆ 1648ರಲ್ಲಿ ಗೋವಿಂದವೈದ್ಯನು ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವು ಶ್ರೀರಂಗಪಟ್ಟಣದ ನವರಾತ್ರಿಯ ವೈಭವವನ್ನು ವರ್ಣಿಸುವಾಗ ಜಟ್ಟಿಗಳ ಕಾಳಗಕ್ಕೂ ಎಡೆಗೊಡುತ್ತದೆ. ಕಂಠೀರವ ನರಸರಾಜನೇ ಪಟ್ಟಕ್ಕೆ ಬರುವ ಮೊದಲು ವೇಷವನ್ನು ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ, ಅಲ್ಲಿನ ಹೆಸರಾಂತ ಜಟ್ಟಿಯನ್ನು ಗೆದ್ದು, ಹೆಸರನ್ನು ಹೇಳಿಕೊಳ್ಳದೆ ಹಿಂತಿರುಗಿದನೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಒಟ್ಟಿನಲ್ಲಿ ಹತ್ತನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗೆ ನಮ್ಮಲ್ಲಿ ಆಟವನ್ನು ಬಲ್ಲ ಬರೆಹಗಾರರಿದ್ದರು. ಆಟಗಾರನ ಗೌರವವೆಂದರೆ ಅವನ ಆಟದ ವರ್ಣನೆ ಎಂಬ ಭಾವನೆಯಿದ್ದಿತು.

6. ಸಂಖ್ಯೆಯು ಹೇಳುವುದೂ ಹೇಳದಿರುವುದೂ

ಈಗಿನ ಹಲಗೆಗಳಲ್ಲಿ ಹೆಸರೂ ಸಂಖ್ಯೆಯೂ ಉಳಿದು ವರ್ಣನೆಯು ಬಿಟ್ಟುಹೋಗಿದೆ. ಇದರಿಂದ ಆಗುವ ನಷ್ಟವನ್ನು ಕೆಲವು ನಿದರ್ಶನಗಳಿಂದ ತೋರಿಸುತ್ತೇನೆ.

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಟವನ್ನು ಓಡಿದರು. ಭಾರತದಿಂದ ತಂಡವಾಗಿ ಒಲಿಂಪಿಕ್ಕಿಗೆ ಹೋದವರಲ್ಲಿ ಅವರ ಗುಂಪೇ ಮೊದಲನೆಯದು. ಹಲಗೆಯ ಮೇಲೆ ಬರೆಯುವುದಾದರೆ, ‘19ನೆಯ ಸ್ಥಾನ, 2 ಗಂಟೆ 50 ನಿಮಿಷ 45 ಸೆಕೆಂಡು’ ಎಂದಿಷ್ಟೇ. ಈಗಿನ ಓಟಗಾರನು ಇದನ್ನು ಓದಿ ಸಾಮಾನ್ಯವೆಂದು ಮುಂದೆ ಹೋಗುವನು. ಆದರೆ ಆ ವರ್ಷದ ಓಟದ ದೂರವು ಇಂದಿನ 42.195 ಕಿಲೋಮೀಟರುಗಳಲ್ಲ, 42.75 ಕಿಲೋಮೀಟರು. ಅರ್ಧ ಕಿಲೋಮೀಟರಿಗಿಂತ ಹೆಚ್ಚಾದ ಓಟವು ಆ ಸಂಖ್ಯೆಯೊಳಗೆ ಅಡಗಿದೆ. ಆಗ ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ನನ ಕಾಲವು 2 ಗಂಟೆ 32 ನಿಮಿಷ 35 ಸೆಕೆಂಡು. ಟಿಪ್ಪಣಿಯಿಲ್ಲದ ಸಂಖ್ಯೆಯು ನಿಜವನ್ನು ಹೇಳಿಯೂ ಓದುಗನನ್ನು ದಾರಿ ತಪ್ಪಿಸುತ್ತದೆ.

ಎರಡನೆಯದು ಅನಿಲ್ ಕುಂಬ್ಳೆಯವರ ನಿದರ್ಶನ. ಇವರು ಬೆಂಗಳೂರಿನ ರಾಷ್ಟ್ರೀಯ ವಿದ್ಯಾಲಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಾದುದರಿಂದ ವಿದ್ಯಾಸಂಸ್ಥೆಯ ಹಲಗೆಗೆ ನೇರವಾಗಿ ಸಲ್ಲುವವರು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಎದುರು ಅವರು 74 ಓಟಗಳಿಗೆ ಹತ್ತು ವಿಕೆಟ್ಟುಗಳನ್ನೂ ಪಡೆದರು. ಈ ಸಂಖ್ಯೆ ತನ್ನನ್ನು ತಾನೇ ಸಾರುತ್ತದೆ. ಆದರೆ 2002ರಲ್ಲಿ ಆಂಟಿಗಾ ದ್ವೀಪದಲ್ಲಿ ಅವರ ಲೆಕ್ಕ 14 ಓವರು, 29 ಓಟ, ಒಂದು ವಿಕೆಟ್ಟು. ಯಾವ ಹಲಗೆಯೂ ಇದನ್ನು ಬರೆದುಕೊಳ್ಳಲಾರದು. ಆ ದಿನ ಅವರು ಚೆಂಡು ಬಡಿದು ಮುರಿದಿದ್ದ ದವಡೆಗೆ ತಲೆಯ ಸುತ್ತ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದಿದ್ದರು. ದೊರೆತ ಒಂದು ವಿಕೆಟ್ಟು ಬ್ರಯನ್ ಲಾರಾ ಅವರದು. ಕಂಡವರು ದೆಹಲಿಯ ಹತ್ತನ್ನು ನೆನೆಯುವಷ್ಟೇ ಆಂಟಿಗಾದ ಒಂದನ್ನೂ ನೆನೆಯುತ್ತಾರೆ. ಕಾಣದವರಿಗೆ ಅದನ್ನು ತಿಳಿಸಬೇಕಾದುದು ಬರೆಹ.

ಮೂರನೆಯದು ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಅವರದು. ಒಂದು ಕಾಲಿನ ಊನವನ್ನು ಲೆಕ್ಕಿಸದೆ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ ಕೂಟದ ಎತ್ತರ ಜಿಗಿತದಲ್ಲಿ 1.74 ಮೀಟರನ್ನು ದಾಟಿ ಬೆಳ್ಳಿಯ ಪದಕವನ್ನು ಪಡೆದರು. ಚಿನ್ನವನ್ನು ಪಡೆದವನು ದಾಟಿದುದೂ 1.74, ಕಂಚನ್ನು ಪಡೆದವನು ದಾಟಿದುದೂ 1.74. ಎಷ್ಟು ಸಲ ತಪ್ಪಿದರೆಂಬುದರ ಮೇಲೆ ಪದಕಗಳ ನಿರ್ಣಯವಾಯಿತು. ಒಂದೇ ಸಂಖ್ಯೆಯು ಮೂರು ಬೇರೆ ಬೇರೆ ಕಥೆಗಳನ್ನು ಮುಚ್ಚಿಟ್ಟಿದೆ.

ಸಂಖ್ಯೆಯು ಒಮ್ಮೊಮ್ಮೆ ಇಲ್ಲದ ಕೀರ್ತಿಯನ್ನೂ ಕಟ್ಟುತ್ತದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಇದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡೆಂದು ಲೆಕ್ಕಹಾಕಲು, ಉಸೇನ್ ಬೋಲ್ಟನ 9.58ನ್ನು ಮೀರಿದರೆಂದು ದೇಶವೆಲ್ಲ ಕೂಗೆದ್ದಿತು. ಕೆಸರುಗದ್ದೆಯ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಬಹಳ ಅಂತರವುಂಟೆಂದು ಹೇಳಿ ಪರೀಕ್ಷೆಯ ಓಟವನ್ನು ನಿರಾಕರಿಸಿದವರು ಸ್ವತಃ ಶ್ರೀನಿವಾಸ ಗೌಡರೇ. ಕೋಣಗಳ ಜೋಡಿಯ ಸೆಳೆತ, ಮೊಣಕಾಲಿನವರೆಗಿನ ನೀರು, ಹಗ್ಗವನ್ನು ಹಿಡಿದ ಕೈಯ ಹದ, ಹಿಮ್ಮಡಿಯ ಊರುವಿಕೆ ಇವೇ ಅವರ ವಿದ್ಯೆ. ಆ ವಿದ್ಯೆಯನ್ನು ವರ್ಣಿಸುವುದನ್ನು ಬಿಟ್ಟು, ಅವರದಲ್ಲದ ಅಳತೆಗೋಲಿನಿಂದ ಅವರನ್ನು ಅಳೆದೆವು.

ಕೊನೆಯದಾಗಿ ಮಲ್ಲೇಶ್ವರದ ಪ್ರಕಾಶ್ ಪಡುಕೋಣೆಯವರು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಅವರು ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗನನ್ನು 15–3, 15–10ರಿಂದ ಸೋಲಿಸಿದರು. ಸ್ವೀ ಕಿಂಗನ ಬಲ ಅವನ ಹಾರುಹೊಡೆತ. ಪಂದ್ಯವು ವೇಗವಾದಷ್ಟೂ ಅವನಿಗೆ ಅನುಕೂಲ. ಪಡುಕೋಣೆಯವರು ಆಟದ ವೇಗವನ್ನೇ ತಗ್ಗಿಸಿ, ಮಣಿಕಟ್ಟಿನ ಕೊನೆಯ ಕ್ಷಣದ ತಿರುವಿನಿಂದ ಎದುರಾಳಿಯನ್ನು ತಪ್ಪು ಎಡೆಗೆ ಕಳುಹಿಸುತ್ತ, ಅವನ ಬಲಕ್ಕೆ ಕೆಲಸವೇ ಇಲ್ಲದಂತೆ ಮಾಡಿದರು. ಅವರು ಎಳೆತನದಲ್ಲಿ ಕಲಿತದ್ದು ಕೆನರಾ ಯೂನಿಯನ್ನಿನ ಸಭಾಗೃಹದಲ್ಲಿ. ಮದುವೆಗಳಿಗೂ ಅದೇ ಮನೆ. ಮದುವೆಯ ದಿನಗಳಲ್ಲಿ ಆಟವಿಲ್ಲ. ಇಷ್ಟನ್ನು ಬಲ್ಲವನಿಗೆ ಆ 15–3 ಎಂಬುದು ಬೇರೆಯೇ ಆಗಿ ಕಾಣುವುದು. ಇಂದ್ರರಾಜನ ಶಾಸನಕವಿ ಈಗ ಇದ್ದಿದ್ದರೆ ಬೆಡಂಗೆಂಬ ಮಾತನ್ನು ಇಲ್ಲಿಯೂ ಬಳಸುತ್ತಿದ್ದನೆಂದು ನಮಗೆ ತೋರುತ್ತದೆ.

7. ಆಕ್ಷೇಪ ಮತ್ತು ಸಮಾಧಾನ

ಇದಕ್ಕೆ ಆಕ್ಷೇಪವು ಬರಬಹುದು. ವರ್ಣನೆಯೆಂದೊಡನೆ ಉತ್ಪ್ರೇಕ್ಷೆಯು ನುಸುಳುತ್ತದೆ, ಸಂಖ್ಯೆಯು ನಿಷ್ಪಕ್ಷಪಾತವಾದುದು, ಬಡವನ ಓಟವನ್ನೂ ಧನಿಕನ ಓಟವನ್ನೂ ಗಡಿಯಾರವು ಒಂದೇ ಸಮನಾಗಿ ಅಳೆಯುತ್ತದೆ. ಇಂದ್ರನು ಅರಸುಮಗನಾದುದರಿಂದ ಅವನಿಗೆ ಕವಿ ದೊರೆತನು. ಅವನ ಸಂಗಡ ಆಡಿದವರ ಹೆಸರು ನಮಗೆ ತಿಳಿಯದು ಎಂದು ಹೇಳಬಹುದು.

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಚೌಗುಲೆಯವರಂತಹವರನ್ನು ಲೋಕಕ್ಕೆ ತೋರಿಸಿಕೊಟ್ಟುದು ಓಟದ ಪಂದ್ಯವೇ ಹೊರತು ಆಸ್ಥಾನಕವಿಯಲ್ಲ. ಆದುದರಿಂದ ಸಂಖ್ಯೆಯನ್ನು ತೆಗೆದುಹಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ವರ್ಣನೆಯೆಲ್ಲವೂ ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಅದೇ ಬೆಳಗೊಳದ ಶಾಸನವು ಸಾಕ್ಷಿ. ಮೆಣಸಿನ ಕಾಳಿನ ಮಾತನ್ನು ಬದಿಗಿಟ್ಟರೂ ನಾಲ್ಕು ಗತಿಗಳ ವಿಂಗಡಣೆ ಉಳಿಯುತ್ತದೆ. ಪಕ್ಷಪಾತದ ವಿಷಯಕ್ಕೆ ಕಿತ್ತಯ್ಯನ ಕಲ್ಲೇ ಉತ್ತರ: ಸಾಮಾನ್ಯನಿಗೂ ಊರು ಅಕ್ಷರವನ್ನು ಕೊಟ್ಟಿತು. ಬೇಕಾದುದು ಆಟವನ್ನು ಬಲ್ಲ, ಮಾತಿನ ಅಳತೆಯನ್ನೂ ಬಲ್ಲ ಬರೆಹಗಾರ.

ನಮ್ಮ ಪ್ರಶಸ್ತಿಗಳ ಹೆಸರುಗಳನ್ನೇ ನೋಡಿರಿ. ಕೇಂದ್ರ ಸರ್ಕಾರವು ಆಟಗಾರರಿಗಾಗಿ 1961ರಲ್ಲಿ ಏರ್ಪಡಿಸಿದ ಪ್ರಶಸ್ತಿ ಅರ್ಜುನನದು. ಗುರುಗಳಿಗಾಗಿ 1985ರಲ್ಲಿ ಏರ್ಪಡಿಸಿದುದು ದ್ರೋಣಾಚಾರ್ಯನದು. ಕರ್ನಾಟಕ ಸರ್ಕಾರವು ಕೊಡುವುದು ಏಕಲವ್ಯನದು. ಈ ಮೂವರೂ ಒಂದೇ ಕಥೆಯವರು. ಅರ್ಜುನನು ಎಷ್ಟು ಗಜ ದೂರದ ಗುರಿಯನ್ನು ಭೇದಿಸಿದನೆಂದು ಯಾರೂ ಕೇಳುವುದಿಲ್ಲ. ಹಕ್ಕಿಯ ಕಣ್ಣಲ್ಲದೆ ಮತ್ತೇನೂ ಅವನಿಗೆ ಕಾಣಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಏಕಲವ್ಯನಿಗಾದ ಅನ್ಯಾಯವನ್ನು ಇಂದಿಗೂ ಮರೆಯದಿರುವುದಕ್ಕೆ ಕಾರಣವೂ ಕಥನವೇ. ಅವನ ಹೆಸರು ಯಾವ ಹಲಗೆಯ ಮೇಲೂ ಇರಲಿಲ್ಲ.

8. ಮಾಡತಕ್ಕ ಕಾರ್ಯ

ಇಷ್ಟನ್ನು ಹೇಳಿದ ಮೇಲೆ ಕರ್ತವ್ಯವನ್ನು ಸೂಚಿಸದೆ ಮುಗಿಸುವುದು ಸರಿಯಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೂ, ಬೆಂಗಳೂರು ವಿಶ್ವವಿದ್ಯಾನಿಲಯವು 1964ರಲ್ಲಿಯೂ ಸ್ಥಾಪಿತವಾದವು. ಅಷ್ಟು ವರ್ಷಗಳ ಆಟಗಾರರನ್ನು ಕಣ್ಣಾರೆ ಕಂಡವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಕೋಲಾರದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲಸಿ, 1964ರ ಟೋಕಿಯೋ ಒಲಿಂಪಿಕ್ಕಿನಲ್ಲಿ ಓಡಿ, 1965ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದ ಕೆನೆತ್ ಪೊವೆಲ್ ಅವರು 2022ರಲ್ಲಿ ತೀರಿಕೊಂಡರು. ಇಂತಹವರು ಹೋದಾಗ ಅವರ ಕಾಲಗಳೂ ಪದಕಗಳೂ ದಾಖಲೆಯಲ್ಲಿ ಉಳಿಯುತ್ತವೆ. ಓಟದ ಮೊದಲ ಹೆಜ್ಜೆ ಹೇಗಿತ್ತು, ತಿರುವಿನಲ್ಲಿ ಮೈ ಹೇಗೆ ಬಾಗುತ್ತಿತ್ತು, ಯಾವ ನೆಲದ ಮೇಲೆ ಅಭ್ಯಾಸ ಎಂಬುದು ಕಂಡವರ ಸಂಗಡವೇ ಹೋಗುತ್ತದೆ.

ಆದುದರಿಂದ ಶಾಸನಗಳಿಂದ ನಾವು ಪಡೆಯಬಹುದಾದ ಕಟ್ಟಳೆಗಳು ಮೂರು. ಮೊದಲನೆಯದು, ಪ್ರತಿಯೊಬ್ಬ ಆಟಗಾರನ ಹೆಸರಿನ ಕೆಳಗೆ ನೂರು ಮಾತುಗಳಿಗೆ ಮೀರದ ಒಂದು ಬರೆಹವಿರಬೇಕು. ಅದರಲ್ಲಿ ಕಾಲ, ಸ್ಥಳ, ಎದುರಾಳಿ, ಆಟದ ವಿಶೇಷ, ಸಂಖ್ಯೆಯ ಅರ್ಥ ಇವಿಷ್ಟೂ ಬರಬೇಕು. ಬೆಟ್ಟದಂತಹ ಕುದುರೆ ಬರಬಾರದು. ಎರಡನೆಯದು, ಸಾಧ್ಯವಾದಲ್ಲೆಲ್ಲ ಆ ಬರೆಹವು ಅಭ್ಯಾಸವು ನಡೆದ ನೆಲದಲ್ಲಿಯೇ ನಿಲ್ಲಬೇಕು. ಮೂರನೆಯದು, ಅದನ್ನು ವರ್ಷಕ್ಕೊಮ್ಮೆ ಓದಿ, ತಿದ್ದಿ, ಹೊಸದನ್ನು ಸೇರಿಸುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿ, ಅದಕ್ಕೆ ಬೇಕಾದ ಹಣವನ್ನು ಮೊದಲೇ ಕಟ್ಟಿಡಬೇಕು. ಇದು ಆತಕೂರಿನ ಗೊರವನ ಕಟ್ಟಳೆ.

ಈ ಕಾರ್ಯವು ವ್ಯಾಯಾಮಶಿಕ್ಷಕರೊಬ್ಬರಿಂದಲೇ ಆಗತಕ್ಕದ್ದಲ್ಲ. ಅವರು ಆಟವನ್ನು ಬಲ್ಲರು. ಬರೆಹವನ್ನು ಬಲ್ಲವರು ಭಾಷಾಧ್ಯಾಪಕರು. ಇಬ್ಬರೂ ಒಂದು ಮೇಜಿನ ಮುಂದೆ ಕುಳಿತು, ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಅವರು ಹೇಳುವುದನ್ನು ಬರೆದುಕೊಳ್ಳಬೇಕು. ಕನ್ನಡದ ತರಗತಿಗಳಲ್ಲಿ ಪ್ರಬಂಧರಚನೆಗೆ ಇದಕ್ಕಿಂತ ಒಳ್ಳೆಯ ವಿಷಯ ದೊರೆಯದು. ತಾನು ಕಂಡ ಆಟವನ್ನು ಉತ್ಪ್ರೇಕ್ಷೆಯಿಲ್ಲದೆ ಹತ್ತು ವಾಕ್ಯಗಳಲ್ಲಿ ಬರೆಯುವುದು ಸುಲಭವೂ ಅಲ್ಲ.

ಮಿಥಿಕ್ ಸೊಸೈಟಿಯವರು ಈಚೆಗೆ ಬೆಂಗಳೂರಿನ ಸುತ್ತಣ ಕಲ್ಲುಗಳ ಬರೆಹಗಳನ್ನು ಹೊಸ ಯಂತ್ರಗಳ ಸಹಾಯದಿಂದ ಮೂರು ಆಯಾಮಗಳ ಪ್ರತಿಗಳಾಗಿ ಸಂರಕ್ಷಿಸುತ್ತಿರುವುದು ಶ್ಲಾಘನೀಯವಾದ ಕಾರ್ಯ. ಹಿಂದಿನವರು ಬರೆದಿಟ್ಟುದನ್ನು ಅವರು ಉಳಿಸುತ್ತಿದ್ದಾರೆ. ಮುಂದಿನವರು ಉಳಿಸುವುದಕ್ಕೆ ನಾವೂ ಏನನ್ನಾದರೂ ಬರೆದಿಡಬೇಕಷ್ಟೆ. ಹೆಬ್ಬಾಳದ ಕಿತ್ತಯ್ಯನಿಗೆ ಕೆಲವು ಸಾಲುಗಳು ದೊರೆತವು. ಅಬ್ಬಿಗೆರೆಯಿಂದಲೋ ಯಲಹಂಕದಿಂದಲೋ ನಾಳೆ ಹೊರಟು ಓಡಿ ಗೆದ್ದು ಬರುವ ಹುಡುಗನಿಗೂ ಹುಡುಗಿಗೂ ಅಷ್ಟು ಸಾಲುಗಳಾದರೂ ಸಲ್ಲಬೇಕು. ಕಾಲೇಜುಗಳಲ್ಲಿರುವ ವಿದ್ವಾಂಸರು ಈ ಸೂಚನೆಗಳನ್ನು ಪರಿಶೀಲಿಸಿ, ತಮ್ಮ ತಮ್ಮ ಮೊಗಸಾಲೆಯ ಹಲಗೆಯಿಂದಲೇ ಕಾರ್ಯವನ್ನು ಮೊದಲು ಮಾಡಬೇಕೆಂದು ನಮ್ಮ ಪ್ರಾರ್ಥನೆ.